ಜಕ್ಕಪ್ಪ ಕಾಕಾನೂ ದಣಿದ ಕಬ್ಬಿಣವೂ

ಅನಗವಾಡಿಯ ಆ ಮನೆಯ ಪಡಸಾಲೆಯಲ್ಲಿ ಹುಡುಗಿ ಚಹದ ತಟ್ಟೆ ಹಿಡಿದು ಒಳಗಿನಿಂದ ಬರುವುದಕ್ಕೂ ಜಕ್ಕಪ್ಪ ಕಾಕಾ ನೆಲಕ್ಕೆ ಬರುವುದಕ್ಕೂ ಒಂದೇ ಗಳಿಗೆಯಾಯಿತು. ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲೊಂದು ಲಟಕ್ಕನೆ ಮುರಿದು ಕಾಕಾ ಹಿಂದಕ್ಕೆ ಹೋದ. ಅವನ ಕೈಯಲ್ಲಿದ್ದ ಅವಲಕ್ಕಿ ಮಾತ್ರ ಮುಂದಕ್ಕೆ ಹೋಗಿ ಹುಡುಗಿಯ ತಂದೆಯ ಹೊಸ ಧೋತರದ ಮೇಲೆ ಕೂತಿತು. ಚಿಮ್ಮಡದಿಂದ ಅಷ್ಟು ದೂರ ಕನ್ಯಾ ನೋಡಲೆಂದೇ ಬಂದವರು, ಆ ಕ್ಷಣ ಕನ್ಯೆಯೊಬ್ಬಳನ್ನು ಬಿಟ್ಟು ಉಳಿದದ್ದೆಲ್ಲ ನೋಡಿದರು.

ಬೇರೆ ಯಾರಾದರೂ ಆಗಿದ್ದರೆ ಎದ್ದು, ಮೈ ಜಾಡಿಸಿ, ಇನ್ನೊಂದು ಕುರ್ಚಿಗೆ ಬದಲಿ ತೆಗೆದುಕೊಂಡು ಸುಮ್ಮನಾಗುತ್ತಿದ್ದರು. ಕಾಕಾ ಬಿದ್ದಲ್ಲೇ ಕೂತು, ಮುರಿದ ಕಾಲನ್ನು ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ಮುರಿದ ಬಾಯಿಯನ್ನು ಬಾಗಿಲ ಬೆಳಕಿಗೆ ಹಿಡಿದ.

“ಇದು ಇವತ್ತ ಮುರದದ್ದಲ್ಲರೀ,” ಎಂದು ಹುಡುಗಿಯ ತಂದೆಗೆ ತೋರಿಸಿದ. “ನೋಡ್ರಿಲ್ಲೆ, ಇಷ್ಟೂ ಅಂಚು ಕರ್ರಗ ಆಗೇತಿ, ಧೂಳ ಕುಂತೈತಿ. ಇದು ಸೀಳಿ ಭಾಳ ದಿನಾ ಆಗೇತಿ. ಈ ಸಣ್ಣ ಅಂಚ ಅಷ್ಟ ಬೆಳ್ಳಗೈತಿ. ಅಷ್ಟ ನಂದು. ಉಳದದ್ದು ನಿಮ್ಮದು.”

ಮೂಲೆಯಲ್ಲಿ ಕೂತಿದ್ದ ಅನುರಾಧಾಳಿಗೆ ನೆಲ ಬಿರಿದು ತಾನು ಒಳಗೆ ಹೋಗಬಾರದೇ ಅನ್ನಿಸಿತು. ನೋಡಲು ಬಂದದ್ದು ಅವಳ ಅಣ್ಣ ಭೀಮಶಿಗೆ ಹೆಣ್ಣು. ಬೀಗರ ಮನೆಗೆ ಮೊದಲ ಸಲ ಬಂದು, ಅವರ ಕುರ್ಚಿ ಮುರಿದದ್ದಲ್ಲದೆ ಅದರ ಪೋಸ್ಟ್‌ಮಾರ್ಟಮ್ಮನ್ನೂ ಅವರ ಎದುರಿಗೇ ಮಾಡಿದ ಗಂಡಿನ ಕಡೆಯವರು ಬೀಳಗಿ ತಾಲೂಕಿನಲ್ಲಿ ಹಿಂದೆ ಇದ್ದಿರಲಿಕ್ಕಿಲ್ಲ. ಅವ್ವ ಸಿದ್ದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಾಳಿಂಗರಾಯ ಗೋಡೆಯ ಕ್ಯಾಲೆಂಡರನ್ನು ಅತಿ ಆಸಕ್ತಿಯಿಂದ ಓದತೊಡಗಿದ. ಆದರೆ ತಟ್ಟೆ ಹಿಡಿದು ನಿಂತಿದ್ದ ರೇಷ್ಮಾ ತಡೆಯಲಾರದೆ ನಕ್ಕುಬಿಟ್ಟಳು. ಅಲ್ಲಿಯತನಕ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ ಭೀಮಶಿ ಆ ನಗೆಗೆ ತಲೆ ಎತ್ತಿದ. ಹೀಗೆ ಒಂದು ಕಾಲು ಮುರಿದು ಒಂದು ಸಂಬಂಧ ಕೂಡಿತು.

ಜಕ್ಕಪ್ಪ, ಮಾಳಿಂಗರಾಯನ ಬೆನ್ನಿಗೆ ಬಿದ್ದ ತಮ್ಮ. ಮನೆತನ ಮೊದಲು ಕುರಿಯದು, ಆಮೇಲೆ ಹೊಲದ್ದು, ಬೀರಪ್ಪ ದೇವರ ಒಕ್ಕಲು. ಅಣ್ಣ ನೇಗಿಲು ಹಿಡಿದ, ತಮ್ಮ ನಟ್ಟು ಬಿಗಿಯುವ ಪಾನಾ ಹಿಡಿದ. ಮ್ಯಾಟ್ರಿಕ್ಕಿನಲ್ಲಿ ಗಣಿತ ಕೈಕೊಟ್ಟ ಮೇಲೆ ಬಸ್ ಡಿಪೋ ಒಂದರಲ್ಲಿ ಹೆಲ್ಪರ್ ಆಗಿ ಸೇರಿ, ಮುಂದೆ ಮೆಕ್ಯಾನಿಕ್ ಆಗಿ, ಬಸ್ಸುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿಯೇ ನಿವೃತ್ತಿಯತನಕ ನೌಕರಿ ಮಾಡಿದ. ಈ ಮನೆಯಲ್ಲಿ ಮಲಗಿ ಪಗಾರ ತಗೊಂಡವನು ಇವನೊಬ್ಬನೇ ಎಂದು ತಾಯಿ ಮುದಕವ್ವ ಹೇಳುತ್ತಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಲಗಿ ಅವನು ನೋಡುತ್ತಿದ್ದದ್ದು ಬಿರುಕು. ಸಂತೆಯಲ್ಲಿ ಹೆಂಗಸರು ಗಡಿಗೆಯನ್ನು ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೊಳ್ಳುತ್ತಾರಲ್ಲ, ಹಾಗೆ ಅವನು ಕಬ್ಬಿಣವನ್ನು ಬಾರಿಸುತ್ತಿದ್ದ. ಜೇಬಿನಲ್ಲಿ ಸದಾ ಒಂದು ದಪ್ಪ ಮೊಳೆ. ಬಸ್ಸಿನ ಸ್ಪ್ರಿಂಗ್ ಪಾಟಾ, ಬಾವಿಯ ಗಡಗಡಿ, ಯಾರದೋ ಮನೆಯ ತೊಟ್ಟಿಲಿನ ಕೊಕ್ಕೆ, ಎಲ್ಲಕ್ಕೂ ಒಂದು ಏಟು. ಟಣ್ ಅಂದರೆ ಮುಂದಕ್ಕೆ ನಡೆದ. ಭದ್ ಅಂದರೆ ಭಾಷಣ ಶುರು. ಊರು ಅವನನ್ನು ಬಿರುಕಪ್ಪ ಎಂದು ಕರೆಯಿತು. ಅವನೂ ಓಗೊಟ್ಟ.

ಬರೀ ಭಾಷಣವಾಗಿದ್ದರೆ ಊರು ತಡೆದುಕೊಳ್ಳುತ್ತಿತ್ತು. ಕಾಕಾ ಭವಿಷ್ಯವನ್ನೂ ಹೇಳುತ್ತಿದ್ದ, ಮತ್ತು ಅದು ಬಹುತೇಕ ಸುಳ್ಳಾಗುತ್ತಿತ್ತು. ಊರಿನ ನೀರಿನ ಟಾಕಿ ಮುಂದಿನ ಮಳೆಗಾಲ ಕಾಣುವುದಿಲ್ಲ ಅಂದಿದ್ದ. ಆಮೇಲೆ ಎಷ್ಟೋ ಮಳೆಗಾಲಗಳನ್ನು ಅದು ಎತ್ತರದಿಂದಲೇ ನೋಡಿತು. ಸಾಲಿಯ ವರಾಂಡ ಇವತ್ತೋ ನಾಳೆಯೋ ಅಂದಿದ್ದ. ಅದರ ಕೆಳಗೆ ಓದಿದ ಹುಡುಗರು ದೊಡ್ಡವರಾಗಿ, ಮಾಸ್ತರಿಕೆ ಹಿಡಿದು, ಅದೇ ವರಾಂಡದಲ್ಲಿ ಬೆತ್ತ ಬೀಸುತ್ತಿದ್ದರು. ಆದ್ದರಿಂದ ಕಾಕಾ ಬೀಳುತ್ತದೆ ಅಂದದ್ದರ ಕೆಳಗೆ ಊರಿನ ಜನ ನಿಶ್ಚಿಂತೆಯಿಂದ ಹಾಸಿಗೆ ಹಾಸುತ್ತಿದ್ದರು.

ಅವನ ಮಾತನ್ನು ಪೂರ್ತಿ ಕೇಳುತ್ತಿದ್ದವಳು ಅನುರಾಧಾ ಒಬ್ಬಳೇ. ಜಮಖಂಡಿಗೆ ಬಸ್ಸಿನಲ್ಲಿ ಹೋಗಿ ಬಂದು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಳು. ಕಬ್ಬಿಣ ಹೇಗೆ ಸೋಲುತ್ತದೆ ಅನ್ನುವ ಪಾಠ ಬಂದಾಗ ಪುಸ್ತಕವನ್ನು ಕಾಕಾನ ಕಟ್ಟೆಗೇ ತಂದು ಓದಿ ಹೇಳಿದಳು. ಮೊದಲ ರೋಗದ ಹೆಸರು ಫಟೀಗ್, ಅಂದರೆ ದಣಿವು.

“ಫಟಿಂಗ ಅನ್ನು,” ಎಂದು ಕಾಕಾ ಖುಷಿಪಟ್ಟ. “ಖರೆ ಹೆಸರ ಇಟ್ಟಾರ ನೋಡು. ಎದರಿಗೆ ನಿಂತು ಹೊಡಿಯಾಂವಲ್ಲ. ದಿನಾ ಒಂಚೂರು ಒಂಚೂರು ಒಳಗ ಕೊರದು, ಮ್ಯಾಲ ನಕ್ಕೋತ ಇರಾಂವ. ಪಕ್ಕಾ ಫಟಿಂಗ.”

ಆದರೆ ಮುಂದಿನದನ್ನು ಅವನು ಒಪ್ಪಲಿಲ್ಲ. ಭಾರ ಹೆಚ್ಚಾದರೆ ಮಾತ್ರ ಕಬ್ಬಿಣ ಮುರಿಯುತ್ತದೆ ಎಂದು ಅವನ ಡಿಪೋ ಜ್ಞಾನ. ಇಲ್ಲ ಕಾಕಾ, ಅರ್ಧ ಭಾರವಿದ್ದರೂ ಸಾಕು, ಮತ್ತೆ ಮತ್ತೆ ಎಳೆದು ಬಿಟ್ಟರೆ ಒಂದು ದಿನ ಮುರಿದೇ ಮುರಿಯುತ್ತದೆ ಎಂದು ಅನುರಾಧಾ. ಮೊದಲು ಒಂದು ಗೀರು, ಇಲ್ಲವೆ ಒಂದು ಚೂಪು ಮೂಲೆ, ಇಲ್ಲವೆ ಬೆಸುಗೆ ಹಾಕಿದ ಅಂಚು, ಅಲ್ಲಿ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಪ್ರತಿ ಎಳೆತಕ್ಕೂ ಆ ಬಾಯಿ ಕಾಣದಷ್ಟು ಮುಂದೆ ಸರಿಯುತ್ತದೆ. ಉಳಿದ ಕಬ್ಬಿಣ ಇನ್ನು ತಡೆಯಲಾರೆ ಅಂದ ಗಳಿಗೆ, ತುಂಡು. ಅವಳು ಬೇಲಿಯ ತಂತಿಯನ್ನು ಕೊಟ್ಟು ಎರಡೂ ಕೈಯಲ್ಲಿ ಜಗ್ಗು ಅಂದಳು, ಮುರಿಯಲಿಲ್ಲ. ಹಿಂದಕ್ಕೆ ಮುಂದಕ್ಕೆ ಬಗ್ಗಿಸು ಅಂದಳು. ಕಾಕಾ ಬಗ್ಗಿಸಿದ, ಬಗ್ಗಿಸಿದ, ತಂತಿ ಬಿಸಿಯಾಗಿ ಕೈಗೇ ಬಂತು. ಆಯುಷ್ಯವಿಡೀ ಇಕ್ಕಳವಿಲ್ಲದೆ ಹೀಗೇ ತಂತಿ ಮುರಿದುಕೊಂಡು ಬಂದಿದ್ದರೂ ಬಸ್ಸಿಗೂ ಬೇಲಿಗೂ ರೋಗ ಒಂದೇ ಎಂದು ಅವನಿಗೆ ಹೊಳೆದಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಮುರಿದ ತುದಿಯನ್ನು ಬೆಳಕಿಗೆ ಹಿಡಿದ.

ಎರಡನೆಯದು ಕ್ರೀಪ್. ಪಾರಿಭಾಷಿಕ ಕೋಶದಲ್ಲಿ ಹುಡುಕಿದರೆ ತೆವಳು ಎಂದಿತ್ತು. ಅದನ್ನು ವಿವರಿಸಲು ಪುಸ್ತಕವೇ ಬೇಕಾಗಲಿಲ್ಲ. ಕಾಕಾನ ಹೆಂಡತಿ ಲಕ್ಷ್ಮವ್ವ ಅಡುಗೆಮನೆಯ ಹಲಗೆಯ ಮೇಲೆ ಜೋಳದ ಚೀಲ ಇಟ್ಟಿದ್ದಳು. ಚೀಲ ಹೆಚ್ಚಾಗಲಿಲ್ಲ, ಕುಣಿಯಲಿಲ್ಲ. ಆದರೂ ಹಲಗೆ ವರ್ಷ ವರ್ಷಕ್ಕೂ ನಗುವ ಬಾಯಿಯ ಹಾಗೆ ಕೆಳಗೆ ಜೋತುಬರುತ್ತಿತ್ತು. ಕಾದ ಕಬ್ಬಿಣಕ್ಕಂತೂ ಇದು ಇನ್ನೂ ಬೇಗ ತಗಲುತ್ತದೆ. ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳಲ್ಲಿ ಒಲೆಯೊಳಗಿನ ಸರಳುಗಳು ಹಂಗಾಮು ಮುಗಿಯುವಷ್ಟರಲ್ಲಿ ಜೋಲಿಯಾಗಿರುವುದನ್ನು ಕಾಕಾ ಎಷ್ಟೋ ಸಲ ಕಂಡಿದ್ದ.

“ಗೊತ್ತಾತು ಬಿಡು,” ಅಂದ. “ಎಳೆದಾಡೂ ಭಾರ ಫಟಿಂಗ. ಇದು ಮನಿಗೆ ಬಂದ ಬೀಗ. ಏನೂ ಮಾಡೂದಿಲ್ಲ, ಬರೇ ಕುಂಡ್ರತೈತಿ. ಕುಂತ ಕುಂತ ತೊಲೀನ ಬಗ್ಗಸತೈತಿ.”

ಲಗ್ನ ಗೊತ್ತಾದದ್ದು ಬೇಸಿಗೆಯಲ್ಲಿ, ಕಬ್ಬಿನ ಹಂಗಾಮು ಮುಗಿದ ಮೇಲೆ. ಅನಗವಾಡಿಯಲ್ಲಿ, ಗೋಧೂಳಿ ಮುಹೂರ್ತ. ಮಗನ ನಿಬ್ಬಣ ತನ್ನದೇ ಟ್ರ್ಯಾಕ್ಟರಿನಲ್ಲಿ, ತನ್ನದೇ ಟ್ರೇಲರಿನಲ್ಲಿ ಹೋಗಬೇಕು ಅನ್ನುವುದು ಮಾಳಿಂಗರಾಯನ ಹಠ. ಟ್ರೇಲರಿಗೆ ಊರಿನವರು ಟೇಲರ್ ಅನ್ನುತ್ತಾರೆ. ಹೊಲಿಗೆ ಬಾರದಿದ್ದರೂ ಆ ಟೇಲರ್ ಈ ಮನೆಯ ಹರಿದ ಬಾಳನ್ನು ಕೂಡಿಸಿ ಹೊಲಿದದ್ದಂತೂ ಹೌದು. ಐದಾರು ಹಂಗಾಮು ಕಬ್ಬು ಹೇರಿ, ಕೆಟ್ಟ ರಸ್ತೆಯಲ್ಲಿ ಕಾರ್ಖಾನೆಗೆ ಹೋಗಿ ಬಂದು, ಹೊಲದ ಪೈಪು, ಅನುರಾಧಾಳ ಓದು ಎಲ್ಲವನ್ನೂ ಅದೇ ಎಳೆದಿತ್ತು. ಈಗ ಸೊಸೆಯನ್ನೂ ಅದೇ ತರಬೇಕಿತ್ತು.

ಲಗ್ನದ ಮುಂಜಾನೆ ಟ್ರೇಲರಿಗೆ ಕಂಬ ಕಟ್ಟಿ, ಸೀರೆಯ ಚಪ್ಪರ ಹಾಕಿ, ಮಾವಿನೆಲೆ ಬಿಗಿದರು. ಬೀರಪ್ಪನ ಒಕ್ಕಲಿನವರ ಮನೆಯಿಂದ ಎತ್ತಾಗಲಿ ಗಾಡಿಯಾಗಲಿ ಶುಭಕ್ಕೆ ಹೊರಟರೆ ಭಂಡಾರ ಹಚ್ಚದೆ ಹೊರಡುವುದಿಲ್ಲ. ಹಚ್ಚುವುದು ಹಣೆಗೆ, ಟ್ರೇಲರಿನ ಹಣೆ ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ. ಹಂಗಾಮಿನ ಜಿಡ್ಡು ಅಲ್ಲಿ ಹೆಪ್ಪುಗಟ್ಟಿತ್ತು. ಸಿದ್ದಕ್ಕ ಡೀಸೆಲ್ಲಿನಲ್ಲಿ ಅರಿವೆ ಅದ್ದಿ ತಿಕ್ಕಿ ತಿಕ್ಕಿ ತೊಳೆದು, ಹಳೆಯ ಸೀರೆಯಲ್ಲಿ ಒರೆಸಿ, ಕೊಂಡಿಯ ತುಂಬ ಭಂಡಾರ ಬಳಿದಳು. ಅರಿಷಿಣದ ಹಳದಿ ಬಿಸಿಲಿಗೆ ಬಂಗಾರದ ಹಾಗೆ ಹೊಳೆಯಿತು.

ಸ್ವಲ್ಪ ಹೊತ್ತಿಗೆ ಆ ಹಳದಿಯ ಮೇಲೆ ಒಂದು ಗೆರೆ ಮೂಡಿತು. ಬೆಸುಗೆಯ ಪಕ್ಕದಲ್ಲಿ, ಬಿದಿಗೆಯ ಚಂದ್ರನ ಹಾಗೆ ಬಾಗಿ, ತೆಳ್ಳಗೆ, ಕಪ್ಪಗೆ.

ಮೊದಲು ಕಂಡವಳು ಮುದಕವ್ವ. ಕಣ್ಣು ಮಂಜಾಗಿದ್ದರೂ ದೇವರ ವಿಷಯದಲ್ಲಿ ಅವಳ ದೃಷ್ಟಿ ಬಲು ಚುರುಕು. ಬೀರಪ್ಪ ಮೊಮ್ಮಗನ ನಿಬ್ಬಣಕ್ಕೆ ತನ್ನ ಕೈಯಾರೆ ಗೆರೆ ಎಳೆದಿದ್ದಾನೆ ಎಂದಳು. ಯಾರೋ ಹೆಂಗಸು ಅನುಮಾನಪಟ್ಟು ಒರೆಸಿ, ಮತ್ತೆ ಭಂಡಾರ ಹಚ್ಚಿದಳು. ಗೆರೆ ಮತ್ತೆ ಮೂಡಿತು. ಮತ್ತೆ ಒರೆಸಿದರು, ಮತ್ತೆ ಮೂಡಿತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಓಣಿಯ ಹೆಂಗಸರೆಲ್ಲ ಸೆರಗು ಹೊದ್ದು ಬಂದು ಕೊಂಡಿಗೆ ಕೈಮುಗಿದರು. ಕುಂಕುಮ ಬಿತ್ತು, ಹೂ ಬಿತ್ತು, ಊದಿನಕಡ್ಡಿ ಹೊಗೆಯಾಡಿತು. ತಲೆ ಬಾಚಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಬಂದ ಅನುರಾಧಾಳೂ ಮೊದಲು ಕೈಮುಗಿದಳು.

ಆಮೇಲೆ ಕೈ ಹಾಗೇ ನಿಂತುಬಿಟ್ಟಿತು. ಡಿಪೋದಲ್ಲಿ ಅನುಮಾನದ ಕಬ್ಬಿಣಕ್ಕೆ ಏನು ಮಾಡುತ್ತಾರೆಂದು ಕಾಕಾ ಹೇಳಿದ್ದ. ಚಿಮಣಿ ಎಣ್ಣೆ ಹಚ್ಚಿ, ಒರೆಸಿ, ಮೇಲೆ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಉದುರಿಸುವುದು. ಬಿರುಕಿನೊಳಗೆ ಇಳಿದ ಎಣ್ಣೆ ಮೇಲಕ್ಕೇರಿ ಬಿಳಿಯ ಪುಡಿಯ ಮೇಲೆ ತನ್ನ ಗೆರೆ ತಾನೇ ಬರೆಯುತ್ತದೆ. ಇಲ್ಲಿ ಎಣ್ಣೆಯ ಬದಲು ಡೀಸೆಲ್, ಖಡುವಿನ ಬದಲು ಭಂಡಾರ. ಓಣಿಯ ಹೆಂಗಸರು ತಮಗೆ ಅರಿವಿಲ್ಲದೆ ಪಕ್ಕಾ ಪರೀಕ್ಷೆ ಮಾಡಿ, ಫಲಿತಾಂಶಕ್ಕೆ ಆರತಿ ಬೆಳಗುತ್ತಿದ್ದರು.

ಅವಳು ಒಂದು ಜಡೆಯಲ್ಲೇ ಪಕ್ಕದ ಓಣಿಗೆ ಓಡಿದಳು. ಕಾಕಾ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದಾಗ, ಒಬ್ಬಳು ತೆಂಗಿನಕಾಯಿ ಎತ್ತಿ ಕೊಂಡಿಯ ಮೇಲೆಯೇ ಒಡೆಯಲು ಹೊರಟಿದ್ದಳು. ಕಾಕಾ ಕಾಯಿ ಕಸಿದುಕೊಂಡ. ಬಗ್ಗಿ ನೋಡಿದ. ಜೇಬಿನ ಮೊಳೆ ತೆಗೆದು ತಟ್ಟಿದ. ಭದ್ ಎಂದಿತು. ಈ ಸಲ ಭಾಷಣ ಬರಲಿಲ್ಲ. ಅವನ ಮೋರೆ ನೋಡಿ ಅನುರಾಧಾಳಿಗೆ ಭಯವಾದದ್ದು ಅದಕ್ಕೇ.

ಟ್ರೇಲರಿನಲ್ಲಿ ಆಗಲೇ ಓಣಿಯ ಅರ್ಧ ಹೆಂಗಸರು ಹತ್ತಿ ಕೂತಿದ್ದರು. ಮಡಿಲಲ್ಲಿ ಕೂಸುಗಳು, ನಡುವೆ ಬುತ್ತಿಯ ಬುಟ್ಟಿಗಳು, ಮುಂದಿನ ಮೂಲೆಯಲ್ಲಿ ತಲೆದಿಂಬು ಇಟ್ಟುಕೊಂಡು ಮುದಕವ್ವ. ಮುಧೋಳ ದಾಟಿದ ಮೇಲೆ ಬೀಳಗಿಯತನಕ ದಾರಿಯಲ್ಲಿ ಏರುಗಳಿವೆ. ಏರಿನಲ್ಲಿ ಕೊಂಡಿ ಮುರಿದರೆ ಟ್ರ್ಯಾಕ್ಟರ್ ಮುಂದಕ್ಕೆ ಹೋಗುತ್ತದೆ, ಟ್ರೇಲರ್ ಹಿಂದಕ್ಕೆ. ಅದಕ್ಕೆ ಬ್ರೇಕಿಲ್ಲ. ಹಿಂದೆ ಏನು ಬರುತ್ತಿರುತ್ತದೋ ಗೊತ್ತಿಲ್ಲ. ಅನುರಾಧಾ ಅಷ್ಟನ್ನು ಯೋಚಿಸಿ, ಚಪ್ಪರದ ಕೆಳಗೆ ನಗುತ್ತಿದ್ದ ತನ್ನ ಅವ್ವನನ್ನು ನೋಡಿದಳು. ಏನೇ ಆಗಲಿ ಈ ಗಾಡಿ ಹೊರಡಬಾರದು ಎಂದು ಅವಳ ಮನಸ್ಸು ಗಂಟು ಹಾಕಿಕೊಂಡಿತು.

ಕಾಕಾ ಅಣ್ಣನಿಗೆ ಮೆಲ್ಲಗೇ ಹೇಳಿದ. ಅಣ್ಣ ಜೋರಾಗಿ ಉತ್ತರ ಕೊಟ್ಟ.

“ಟಾಕಿ ಬೀಳತೈತಿ ಅಂದಿದ್ದಿ. ಬಿತ್ತೇನು?”

“ಬಿದ್ದಿಲ್ಲ,” ಅಂದ ಕಾಕಾ. “ಬೀಳಲಿಲ್ಲಂತ ನನಗೂ ಸಂತೋಷನ ಐತಿ. ಇದು ಮಾತ್ರ ಹೋಗತೈತಿ ಅಣ್ಣಾ. ನಮ್ಮವ್ವ ಕುಂತಾಳ ಅದರಾಗ.”

ಮಾಳಿಂಗರಾಯ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಂಗಾಮಿನ ಮೊದಲಿಗೇ ಕೊಂಡಿಗೆ ಹೊಸ ಬೆಸುಗೆ ಹಾಕಿಸಿದ್ದೇನೆ ಅಂದ. ಆ ಬೆಸುಗೆಯ ಅಂಚಿನಿಂದಲೇ ಇದು ಶುರುವಾಗಿದೆ ಎಂದು ಕಾಕಾ. ಊಟಕ್ಕೆ ಕರೆದರೂ ಎಲೆಯಲ್ಲಿ ಬಿರುಕು ಹುಡುಕುವವನು ನೀನು, ಬೀಗರ ಮನೆಯಲ್ಲಿ ಮರ್ಯಾದೆ ಕಳೆದದ್ದು ಸಾಲದೇನು ಎಂದು ಮಾಳಿಂಗರಾಯ. ಮೇಲಿನಿಂದ ಮುದಕವ್ವ ಬೇರೆ, ದೇವರ ಗೆರೆಗೆ ಹೆಸರಿಟ್ಟರೆ ನಾಲಿಗೆ ಬಿದ್ದುಹೋದೀತು ಎಂದು ಕಿರಿಯ ಮಗನಿಗೆ ಶಾಪದ ಮುನ್ಸೂಚನೆ ಕೊಟ್ಟಳು.

ಅನುರಾಧಾ ಟ್ರೇಲರಿನ ಹಲಗೆ ಹಿಡಿದು ನಿಂತಳು. “ಆಯೀ, ಗೆರಿ ಬೀರಪ್ಪಂದ ಅನ್ನೂಣ. ಹೋಗ್ರಿ ಅಂತ ಎಳದಾನೋ, ದಾಟಬ್ಯಾಡ್ರಿ ಅಂತ ಎಳದಾನೋ? ಅದನ್ನ ಕೇಳೀರೇನು ಅವನ್ನ?”

ದೇವರ ಗೆರೆಗೆ ಎರಡು ಅರ್ಥವಿರಬಹುದೆಂದು ಮುದಕವ್ವನಿಗೆ ಈ ವಯಸ್ಸಿನಲ್ಲಿ ಮೊದಲ ಸಲ ತಿಳಿಯಿತು. ಆದರೆ ಮಾಳಿಂಗರಾಯ ಟ್ರ್ಯಾಕ್ಟರ್ ಹತ್ತಿ ಕೂತು ಚಾವಿ ತಿರುವಿಯೇಬಿಟ್ಟ.

ಆಗ ಜಕ್ಕಪ್ಪ ಕಾಕಾ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಹೋಗಿ, ಹೊಸ ಧೋತರ ಎತ್ತಿ ಕಟ್ಟಿ, ಆ ಕಬ್ಬಿಣದ ದಂಡದ ಮೇಲೆ ಕುಕ್ಕರಿಸಿ ಕೂತುಬಿಟ್ಟ. ಅವನನ್ನು ತುಳಿಯದೆ ಗಾಡಿ ಕದಲುವ ಹಾಗಿರಲಿಲ್ಲ.

ಮಾಳಿಂಗರಾಯ ಒದರಿದ. ಕಾಕಾ ಏಳಲಿಲ್ಲ. ಊರ ಹಿರಿಯರು ಬಂದು, ಮಗನ ಲಗ್ನದ ದಿನ ಅಪಶಕುನ ಮಾಡಬೇಡಪ್ಪಾ ಅಂದರು. ಏಳಲಿಲ್ಲ. ಬಾಜಾದವರು ಕಿವಿಯ ಪಕ್ಕದಲ್ಲೇ ಬಾರಿಸಿ ಎಬ್ಬಿಸಲು ನೋಡಿದರು. ಏಳಲಿಲ್ಲ. ಲಕ್ಷ್ಮವ್ವ ಕಾಕು ಬಂದು, ಮನೆಗೆ ನಡೀರಿ, ಮರ್ಯಾದೆ ಹೋಗಾಕತ್ತೈತಿ ಎಂದು ಗದರಿದಳು. ಅವಳಿಗೂ ಏಳದಿದ್ದದ್ದನ್ನು ಕಂಡು, ಇದು ಸಾಮಾನ್ಯ ಹಠವಲ್ಲವೆಂದು ಊರಿಗೆ ಮನವರಿಕೆಯಾಯಿತು. ಬಿಸಿಲು ಏರಿತು. ಸಿದ್ದಕ್ಕ ಟ್ರೇಲರಿನಿಂದ ಇಳಿದು ಮೈದುನನಿಗೆ ಚಹಾ ತಂದುಕೊಟ್ಟಳು. ಅದನ್ನೂ ಅವನು ಅಲ್ಲೇ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಎಲ್ಲೋ ದೂರ ನೋಡುತ್ತ ಕುಡಿದ. ಅವನ ಹಣೆಯಿಂದ ಬೆವರು ಹರಿಯುತ್ತಿತ್ತು. ತುಟಿ ಬಿಗಿದಿತ್ತು.

ಅನುರಾಧಾ ಅಪ್ಪನ ಮುಖವನ್ನೇ ಗಮನಿಸುತ್ತಿದ್ದಳು. ಎಳೆದಾಟಕ್ಕೆ ಅಪ್ಪ ಮುರಿಯುವವನಲ್ಲ. ಮಾತಿಗೆ ಮಾತು ಬೆಳೆದಷ್ಟೂ ಗಟ್ಟಿಯಾಗುವ ಧಾತು. ಆದರೆ ಈ ಕೂತ ಭಾರ ಬೇರೆ. ಕಾಕಾ ಏನೂ ಅನ್ನುತ್ತಿರಲಿಲ್ಲ, ಬರೀ ಕೂತಿದ್ದ. ಅಪ್ಪನ ದನಿ ಒಂದೊಂದೇ ನೂಲಿನಷ್ಟು ಕೆಳಗಿಳಿಯುತ್ತಿತ್ತು. ಒಬ್ಬೊಬ್ಬರೇ ಹೆಂಗಸರು ನೆರಳು ಹುಡುಕಿಕೊಂಡು ಟ್ರೇಲರಿನಿಂದ ಇಳಿದರು. ಕೊನೆಗೆ ಮಾಳಿಂಗರಾಯ ಚಾವಿ ತೆಗೆದು ಕೆಳಗಿಳಿದ.

ಒಂದು ಷರತ್ತು ಹಾಕಿದ. ಜನರ ಬದಲು ಟ್ರೇಲರಿಗೆ ಗೋವಿನಜೋಳದ ಚೀಲ ಹೇರುವುದು. ಕಾಲುವೆಯ ಏರಿ ಹತ್ತಿ ಇಳಿದು ಒಂದು ಸುತ್ತು ಬರುವುದು. ಕೊಂಡಿ ಉಳಿದರೆ ನಿಬ್ಬಣ ಇದರಲ್ಲೇ ಹೊರಡುತ್ತದೆ, ಬಿರುಕಪ್ಪ ಎಲ್ಲರಿಗಿಂತ ಮುಂದೆ ಕೂತು ಬರುತ್ತಾನೆ. ಕಾಕಾ ಆಗಲಿ ಎಂದು ಗೋಣು ಹಾಕಿದ. ಮದುಮಗ ಭೀಮಶಿ ತಾನೇ ಬಂದು, ಬಾಸಿಂಗದ ತಲೆಯನ್ನು ಹುಷಾರಾಗಿ ಬಗ್ಗಿಸಿ, ಕಾಕಾನ ಎರಡೂ ಕೈ ಹಿಡಿದು ಎಬ್ಬಿಸಿದ. ಕಾಕಾ ಅವನ ಹೆಗಲ ಮೇಲೆ ಕೈಹಾಕಿ, ಒಂದೊಂದೇ ಹೆಜ್ಜೆಯಿಟ್ಟು, ಉಪವಾಸ ಮುಗಿಸಿದ ಮುಖಂಡನ ಗಾಂಭೀರ್ಯದಿಂದ ಕಟ್ಟೆಗೆ ನಡೆದ. ಬಾಜಾದವರಿಗೆ ಏನನ್ನಿಸಿತೋ, ಎರಡು ಏಟು ಬಾರಿಸಿದರು.

ಚೀಲ ಹೇರುವಷ್ಟರಲ್ಲಿ ಅನುರಾಧಾ ಒಳಗೆ ಹೋಗಿ ಉಗುರುಬಣ್ಣದ ಶೀಸೆ ತಂದಳು. ಗೆರೆ ಎಲ್ಲಿ ಮುಗಿದಿತ್ತೋ ಅದರ ಎರಡೂ ತುದಿಗೆ ಕೆಂಪಗೆ ಒಂದೊಂದು ಬೊಟ್ಟು ಇಟ್ಟಳು. ಮಗಳು ಕೊಂಡಿಗೆ ಸಿಂಗಾರ ಮಾಡುತ್ತಿದ್ದಾಳೆಂದು ಮಾಳಿಂಗರಾಯ ತಿಳಿದ.

ಟ್ರ್ಯಾಕ್ಟರ್ ಹೋಯಿತು. ಏರಿ ಹತ್ತಿತು, ಆ ಕಡೆ ಇಳಿಯಿತು, ಕುಣಿಯುತ್ತ ಕುಲುಕುತ್ತ ಸುತ್ತು ಮುಗಿಸಿ ತಿರುಗಿ ಬಂತು. ಕೊಂಡಿ ಇದ್ದಲ್ಲೇ ಇತ್ತು. ಜನ ಹೋ ಎಂದಿತು. ಮಾಳಿಂಗರಾಯ ಮೀಸೆಯ ಮೇಲೆ ಕೈಹಾಕಿದ. ಹೆಂಗಸರು ಮತ್ತೆ ಬುಟ್ಟಿ ಎತ್ತಿಕೊಂಡರು. ಕಟ್ಟೆಯ ಮೇಲೆ ಕೂತಿದ್ದ ಕಾಕಾನ ಮುಖ ಬಾಡಿತು. ನೀರಿನ ಟಾಕಿ, ಸಾಲಿಯ ವರಾಂಡ, ಅವುಗಳ ಸಾಲಿಗೆ ಇದೊಂದು ಎಂದು ಅವನೇ ಒಪ್ಪಿಕೊಂಡಂತೆ ಕಂಡಿತು.

ಅನುರಾಧಾ ಮಾತ್ರ ಡೀಸೆಲ್ ಅರಿವೆ ಹಿಡಿದು ಕೊಂಡಿಯ ಹತ್ತಿರ ಕೂತಳು. ಹಚ್ಚಿದಳು, ಒರೆಸಿದಳು, ಚಿಟಿಕೆ ಚಿಟಿಕೆ ಭಂಡಾರ ಉದುರಿಸಿದಳು. ಯಾರು ಕರೆದರೂ ಏಳಲಿಲ್ಲ. ಗೆರೆ ಮೆಲ್ಲಗೆ ಮೂಡಿತು. ಅವಳು ಎದ್ದು, ಅಪ್ಪನ ಕೈಹಿಡಿದು ತಂದು ಅಲ್ಲಿ ಬಗ್ಗಿಸಿದಳು.

“ಬೊಟ್ಟ ಎಲ್ಲೈತಿ ನೋಡಪ್ಪಾ. ಗೆರಿ ಎಲ್ಲಿತನಕ ಹೋಗೇತಿ ನೋಡು. ಒಂದ ಸುತ್ತಿಗೆ ಇಷ್ಟು ನಡದೈತಿ. ಬೀಳಗಿ ಎಷ್ಟ ಸುತ್ತ ಆಗತೈತಿ?”

ಗೆರೆ ಕೆಂಪು ಬೊಟ್ಟನ್ನು ದಾಟಿ, ಬೆಸುಗೆಯನ್ನು ದಾಟಿ, ಕೊಂಡಿಯ ಆ ಮಗ್ಗುಲಿಗೆ ತಿರುಗಿತ್ತು. ಮಾಳಿಂಗರಾಯ ಬಹಳ ಹೊತ್ತು ಬಗ್ಗಿ ನೋಡಿದ. ಹೆಬ್ಬೆರಳಿನಿಂದ ಬೊಟ್ಟನ್ನು ಮುಟ್ಟಿದ, ಗೆರೆಯ ತುದಿಯನ್ನು ಮುಟ್ಟಿದ. ಆಮೇಲೆ ಟ್ರ್ಯಾಕ್ಟರ್ ಹತ್ತಿದ. ತನ್ನ ಮನೆಯನ್ನು ಎಳೆದ ಕಬ್ಬಿಣ ಕೈಕೊಡುತ್ತದೆ ಅನ್ನುವುದನ್ನು ಅವನು ತನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಚೀಲಗಳೊಡನೆ ಮತ್ತೆ ಏರಿಯ ಕಡೆ ಹೊರಟ.

ಈ ಸಲ ಏರಿಯ ಮುಕ್ಕಾಲಿಗೆ ಗುಂಡು ಹೊಡೆದಂತೆ ಸದ್ದಾಯಿತು. ಟ್ರ್ಯಾಕ್ಟರ್ ಹಗುರಾಗಿ ಮುಂದಕ್ಕೆ ಹಾರಿತು. ಟ್ರೇಲರ್ ಒಂದು ಕ್ಷಣ ಯೋಚಿಸಿದಂತೆ ನಿಂತು, ಹಿಂದಕ್ಕೆ ಉರುಳಿ, ವೇಗ ಹಿಡಿದು, ಚಪ್ಪರ ಸಮೇತ ಕೆಳಗಿನ ಹೊಲಕ್ಕೆ ಮಗುಚಿಕೊಂಡಿತು. ಚೀಲಗಳು ಒಡೆದು ಜೋಳ ಚೆಲ್ಲಿತು. ಮಾವಿನೆಲೆಗಳ ನಡುವೆ ಒಂದು ಚಕ್ರ ಬಹಳ ಹೊತ್ತು ಸುಮ್ಮನೆ ತಿರುಗುತ್ತಿತ್ತು.

ಸಿದ್ದಕ್ಕ ಪಕ್ಕದವಳ ಮಡಿಲಿನ ಕೂಸನ್ನು ಯಾಕೋ ತನ್ನ ಎದೆಗೆ ತೆಗೆದುಕೊಂಡಳು. ಅನುರಾಧಾ ಏರಿಯ ಮೇಲೆ ಹೋಗಿ ಮುರಿದ ತುಂಡನ್ನು ಕಂಡಳು. ಮುರಿದ ಮುಖದ ಬಹುಭಾಗ ತುಕ್ಕು ಹಿಡಿದು, ಕಡಲ ದಡದಲ್ಲಿ ನೀರು ಬಿಟ್ಟುಹೋದ ಗುರುತಿನ ಹಾಗೆ ಬಾಗು ಬಾಗು ಗೆರೆಗಳಾಗಿತ್ತು, ಹಂಗಾಮಿನ ಎಳೆತಗಳ ಲೆಕ್ಕ. ಉಳಿದ ಸಣ್ಣ ಅಂಚು ಮಾತ್ರ ಈಗ ತಾನೆ ಒಡೆದ ಬೆಲ್ಲದಂತೆ ಹರಳು ಹರಳಾಗಿ ಹೊಳೆಯುತ್ತಿತ್ತು. ಅಷ್ಟೇ ಕಬ್ಬಿಣದ ಮೇಲೆ ಇಡೀ ಓಣಿ ಅನಗವಾಡಿಗೆ ಹೊರಟಿತ್ತು. ಮಾಳಿಂಗರಾಯ ಇಳಿದು ಬಂದು ಆ ತುಂಡನ್ನು ನೋಡಿದ, ಕಟ್ಟೆಯ ಕಡೆ ನಡೆದ, ತಮ್ಮನ ಪಕ್ಕ ಹೆಗಲಿಗೆ ಹೆಗಲು ತಾಗಿಸಿ ಕೂತ. ಇಬ್ಬರೂ ಮಾತಾಡಲಿಲ್ಲ.

ಮುದಕವ್ವ ಮಾತಾಡಿದಳು. ದಾಟಬ್ಯಾಡ್ರಿ ಅಂತನೇ ಬೀರಪ್ಪ ಗೆರೆ ಎಳೆದದ್ದು, ತಾನು ಮೊದಲೇ ಹೇಳಲಿಲ್ಲವೇ ಅಂದಳು.

ನಿಬ್ಬಣ ಟಂಟಂ ಆಟೋಗಳಲ್ಲಿ ಮಹಾಲಿಂಗಪುರ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಸಿಕ್ಕ ಬಸ್ಸಿಗೆ ಬಾಜಾ ಸಮೇತ ನುಗ್ಗಿತು. ಮದುಮಗ ಬಾಸಿಂಗ ಕಟ್ಟಿಕೊಂಡು ಮುಧೋಳದತನಕ ನಿಂತೇ ಬಂದ. ಕಂಡಕ್ಟರ್ ಕಾಕಾನ ಹಳೆಯ ಪರಿಚಯದವನು. ಡ್ರೈವರ್ ಹಿಂದಿನ ಸೀಟು ಬಿಡಿಸಿ ಅವನನ್ನು ಕೂರಿಸಿದ. ಕಾಕಾ ಕೂತ ಕೂಡಲೇ ಎದುರಿನ ಸರಳಿಗೆ ಮೊಳೆಯಿಂದ ಒಂದು ಏಟು ಕೊಟ್ಟ, ಯಾರೂ ಬೇಡ ಅನ್ನಲಿಲ್ಲ. ಬೀಳಗಿಯಲ್ಲಿ ಇಳಿದು, ಮತ್ತೆ ಟಂಟಂ ಹಿಡಿದು, ಅನಗವಾಡಿ ತಲುಪುವಾಗ ದನಗಳು ಮನೆಗೆ ತಿರುಗುತ್ತಿದ್ದವು. ಗೋಧೂಳಿಯ ಧೂಳಿನ ಕೊನೆಯ ಎಳೆಯಲ್ಲಿ ಭೀಮಶಿ ರೇಷ್ಮಾರ ತಲೆಯ ಮೇಲೆ ಅಕ್ಕಿಕಾಳು ಬಿದ್ದವು.

ಸುದ್ದಿ ನಿಬ್ಬಣಕ್ಕಿಂತ ಮೊದಲೇ ಮುಟ್ಟಿತ್ತು. ಊಟದ ಪಂಕ್ತಿಯಲ್ಲಿ ಬೀಗರು ಒಬ್ಬೊಬ್ಬರಾಗಿ ಬಂದು, ಕುಂತಲ್ಲಿಂದ ಕದಲದ ಆ ಹಿರಿಯರು ಇವರೇ ಏನು ಎಂದು ಕಾಕಾನನ್ನು ನೋಡಿ ಹೋದರು. ಅನುರಾಧಾ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದಳು. ಗೆರೆಯನ್ನು ತಾನು ಓದಿದ್ದು ನಿಜ. ಆದರೆ ಆ ಹೊತ್ತಿನತನಕ ಗಾಡಿಯನ್ನು ನಿಲ್ಲಿಸಿ ಹಿಡಿದದ್ದು ಕಾಕಾ. ಅಣ್ಣ ಒದರಿದರೂ, ಹೆತ್ತವ್ವ ಶಾಪ ಹಾಕಿದರೂ, ಊರೇ ತಿರುಗಿ ಬಿದ್ದರೂ ಆ ಬಿಸಿಲಲ್ಲಿ ಕಲ್ಲಾಗಿ ಕೂತಿದ್ದನಲ್ಲ, ಅಂಥದೊಂದು ತನ್ನೊಳಗೂ ಬರಬೇಕು ಅನ್ನಿಸಿತ್ತು ಅವಳಿಗೆ. ಕೇಳದೆ ಇರಲಾಗಲಿಲ್ಲ.

“ಕಾಕಾ, ಖರೇ ಹೇಳು. ಅಷ್ಟ ಮಂದಿ ಎದರಿಗೆ, ಅಷ್ಟ ಹೊತ್ತು, ಮನಸ್ಸು ಹೆಂಗ ಗಟ್ಟಿ ಹಿಡಕೊಂಡಿ ನೀ?”

ಕಾಕಾ ಶಿರಾದ ಕಡೆಯ ತುತ್ತನ್ನು ಬಾಯಿಗಿಟ್ಟು, ಅತ್ತಿತ್ತ ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿದ.

“ಮನಸ್ಸೆಲ್ಲಿ ಗಟ್ಟಿ ತಂಗೀ? ನಿಮ್ಮಪ್ಪ ಮೊದಲನೇ ಸಲ ಒದರಿದಾಗನ ಏಳಾಂವ ಇದ್ದೆ. ಮೊಣಕಾಲ ಹಿಡಕೊಂಡಬಿಟ್ಟಿತ್ತು, ಏಳಾಕ ಬರಲಿಲ್ಲ.”